ಬೆಟ್ಟಕ್ಕೆ ಹರಕೆಯಾದ ಹಡಗು

ಇಪ್ಪತ್ತೊಂದು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಹೊಗ್ಲಾ ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು ದೇವರಿಗೊಂದು ಮಾತು ಕೊಟ್ಟಳು. "ಅವರನ್ನ ಜೀವಂತ ಕಳಿಸಿಕೊಡು. ಅವರನ್ನ ಹೊತ್ತು ತರೋ ಹಡಗನ್ನ ನಿನಗೇ ಕೊಡ್ತೀನಿ. ಒಂದು ಹಲಗೆ ಬಿಡದ ಹಾಗೆ ತಾಬೋರ್ ಬೆಟ್ಟದ ನಿನ್ನ ಬಲಿಪೀಠಕ್ಕೆ ತಂದು ಒಪ್ಪಿಸ್ತೀನಿ."

ಆಗ ಅವಳಿಗೆ ಹದಿನೇಳು. ಮದುವೆಯಾಗಿ ಹತ್ತು ತಿಂಗಳು. ಅದರಲ್ಲಿ ಗಂಡ ಸೆರೆದ್ ಮನೆಯಲ್ಲಿದ್ದದ್ದು ಎರಡೇ ತಿಂಗಳು. ಕಿತ್ತೀಮ್ ದ್ವೀಪಕ್ಕೆ ಎಣ್ಣೆ, ಗೋಧಿ ತುಂಬಿಕೊಂಡು ಹೋದವನು ದ್ರಾಕ್ಷಿ ಕೊಯ್ಲಿಗೆ ವಾಪಸಾಗಬೇಕಿತ್ತು. ದ್ರಾಕ್ಷಿ ಮುಗಿಯಿತು, ಆಲಿವ್ ಮುಗಿಯಿತು, ಮಳೆ ಹಿಡಿದು ಸಮುದ್ರದ ದಾರಿ ಮುಚ್ಚಿತು. ಆ ಚಳಿಯಲ್ಲೇ ಮಾವ ತೀರಿಕೊಂಡ. ಅವನು ಮೂರು ಹೊಲ ಮಾರಿ, ತೂರ್ ಪಟ್ಟಣದ ಬಡಗಿಗಳ ಕೈಯಲ್ಲಿ ದೇವದಾರು ಮರದಿಂದ ಕಟ್ಟಿಸಿದ್ದ ಹಡಗು ಅದು. ಮಾರದೆ ಉಳಿದದ್ದು ಊರ ಮೇಲಿನ ಒಂದು ಕಲ್ಲುಹೊಲ ಮಾತ್ರ.

ತನ್ನದಲ್ಲದ್ದನ್ನು ಹರಕೆ ಹೊತ್ತಳಲ್ಲ ಎಂದು ಯಾರಾದರೂ ಆಡಿಕೊಳ್ಳಬಹುದು. ಆದರೆ ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಒಂದು ಬೀಸುಕಲ್ಲು, ಎರಡು ಬೆಳ್ಳಿ ಬಳೆ. ಬೀಸುಕಲ್ಲು ಕೊಡುತ್ತೇನೆಂದರೆ ದೇವರು ಗಂಡನನ್ನು ಕೊಟ್ಟಾನೆಯೇ?

ಜವೆಗೋಧಿ ಕೊಯ್ಲಿನ ಮೊದಲ ವಾರ ಹಡಗು ಬಂತು. ಸೆರೆದ್ ಅದರಿಂದಿಳಿದು ಬಂದ.

ಆ ಸಂಜೆ ಹೊಗ್ಲಾ ನೀರು ಕಾಯಿಸಿ ಗಂಡನ ಕಾಲು ತೊಳೆದಳು. ಹಗ್ಗ ಉಜ್ಜಿ ಉಜ್ಜಿ ಹಿಮ್ಮಡಿಯ ಮೇಲೆ ಅಂಗೈಯಗಲ ಗಾಯವಾಗಿತ್ತು. ಅವನು ಗೋಡೆಗೊರಗಿ ಕಣ್ಣು ಮುಚ್ಚಿದ್ದ. ತೊಳೆಯುತ್ತ ತೊಳೆಯುತ್ತಲೇ ಅವಳು ಹರಕೆಯ ವಿಷಯ ಹೇಳಿದಳು, ಒಂದಕ್ಷರ ಬಿಡದೆ. ಹೇಳಿ ಮುಗಿಸಿ ತಲೆಯೆತ್ತಿದರೆ ಅವನ ಕಣ್ಣು ಮುಚ್ಚಿಯೇ ಇತ್ತು. ಉಸಿರು ಒಂದೇ ಸಮ ಆಡುತ್ತಿತ್ತು.

ಅವರ ಜನದಲ್ಲಿ ಹೆಂಡತಿಯ ಹರಕೆಗೆ ಒಂದು ಕಟ್ಟಳೆಯಿತ್ತು. ಹರಕೆಯ ಮಾತು ಗಂಡನ ಕಿವಿಗೆ ಬಿದ್ದ ದಿನ ಅವನು ಬೇಡವೆಂದರೆ ಅದು ಅಲ್ಲಿಗೇ ರದ್ದು, ಯಾರಿಗೂ ದೋಷವಿಲ್ಲ. ಆ ದಿನವಿಡೀ ಸುಮ್ಮನಿದ್ದುಬಿಟ್ಟರೆ ಹರಕೆ ನಿಂತಂತೆ. ಆಮೇಲೆ ಏನು ಹೇಳಿದರೂ ನಡೆಯದು. ದಿನವೆಂದರೆ ಸಂಜೆಯಿಂದ ಸಂಜೆಗೆ. ಮರುದಿನ ಸೂರ್ಯ ಮುಳುಗುವವರೆಗೂ ಹೊಗ್ಲಾ ಗಂಡನ ಬಾಯಿಯನ್ನೇ ನೋಡುತ್ತಿದ್ದಳು. ಅವನು ರೊಟ್ಟಿ ತಿಂದ, ಹಡಗಿನ ಹತ್ತಿರ ಹೋಗಿ ಬಂದ, ಅಪ್ಪನ ಗೋರಿಗೆ ಹೋಗಿ ಬಂದ, ಗಾಯಕ್ಕೆ ಎಣ್ಣೆ ಕೇಳಿದ. ಸೂರ್ಯ ಮುಳುಗಿದ.

ಅವನು ಎಚ್ಚರವಿದ್ದು ಸುಮ್ಮನಿದ್ದನೋ, ನಿದ್ದೆಯಲ್ಲಿ ಕೇಳಿಸಿಯೇ ಇರಲಿಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡಳು. ಮರುವರ್ಷ ಮಗ ಹುಟ್ಟಿದ, ಹೇಲೋನ್. ಅವನ ಬೆನ್ನಿಗೆ ಎರಡು ಹೆಣ್ಣು. ಹಡಗು ವರ್ಷಕ್ಕೆ ಎರಡು ಸಲ ಹೋಗಿಬಂತು. ಮಣ್ಣಿನ ಮನೆ ಹೋಗಿ ಕಲ್ಲಿನ ಮನೆಯಾಯಿತು. ಎಣ್ಣೆಯ ಹಂಡೆಗಳಿಗೆ ಬೇರೆಯೇ ಒಂದು ಕೋಣೆ ಬಂತು. ಹೆಣ್ಣುಮಕ್ಕಳು ನೇರಳೆ ಅಂಚಿನ ಉಡುಗೆ ಉಟ್ಟು ಗಂಡನ ಮನೆಗೆ ಹೋದರು. ಸಮುದ್ರವೇ ಈ ಕುಲಕ್ಕೆ ಹಾಲೂಡುವ ತಾಯಿ ಎಂದು ಹಿರಿಯರು ಹರಸಿಹೋಗಿದ್ದರಂತೆ. ಆ ಹಾರೈಕೆಗಳೆಲ್ಲ ಕೂಡಿ ಸೆರೆದನ ಮನೆಗೇ ಬಂದು ಬಿದ್ದಿವೆ ಎಂದು ಊರವರು ಆಡಿಕೊಂಡರು.

ಹೊಗ್ಲಾ ಗಂಡನನ್ನು 'ಹೇಲೋನನ ಅಪ್ಪ' ಎಂದು ಕರೆಯುತ್ತಿದ್ದಳು. ಹತ್ತೊಂಬತ್ತು ವರ್ಷ ಹಾಗೆ ಕರೆದಳು.

ಈ ವರ್ಷವೂ ಜವೆಗೋಧಿ ಕೊಯ್ಲಿಗೇ ಹಡಗು ಬಂತು. ನೀರಿನಲ್ಲಿ ಎಷ್ಟು ಆಳಕ್ಕೆ ಕೂತಿತ್ತೆಂದರೆ ಒಳಗೆ ತುಂಬ ತಾಮ್ರವಿದೆಯೆಂದು ದಂಡೆಯಿಂದಲೇ ತಿಳಿಯುತ್ತಿತ್ತು. ಹೆಂಗಸರು ಕೇಕೆ ಹಾಕುತ್ತ ಓಡಿದರು. ಸೆರೆದ್‌ಗೆ ಈಗ ಸೊಂಟನೋವು. ಎರಡು ವರ್ಷದಿಂದ ಅವನ ಬದಲು ಮಗ ಹೋಗುತ್ತಿದ್ದ. ಮೊದಲು ಇಳಿದು ಬಂದವನು ಮಗನಲ್ಲ, ಚುಕ್ಕಾಣಿ ಹಿಡಿಯುವ ತೂರಿನ ಮುದುಕ ಅಬ್ದಿ. ಕೈಯಲ್ಲಿ ಒಂದು ಜೊತೆ ಚಪ್ಪಲಿ ಹಿಡಿದುಕೊಂಡಿದ್ದ.

"ಗಾಳಿ ಜೋರಿರಲಿಲ್ಲ ತಾಯಿ," ಎಂದ ಅಬ್ದಿ. "ಅದನ್ನ ಹೇಳೋಕೇ ನನಗೆ ಬಾಯಿ ಬರ್ತಿಲ್ಲ. ಬಿರುಗಾಳಿ ಇದ್ದಿದ್ರೆ ಬಿರುಗಾಳಿ ಅಂತಿದ್ದೆ. ಹಾಯಿ ತಿರುಗಿಸೋವಾಗ ಅಡ್ಡಮರ ಬಂದು ಹುಡುಗನ ತಲೆಗೆ ಬಡೀತು. ಹಾಗೇ ಆಚೆ ಬಿದ್ದ. ಒಂದು ಇಡೀ ದಿನ ಅಲ್ಲೇ ಸುತ್ತಿದ್ವಿ. ನೀರು ಕನ್ನಡಿ ಹಾಗಿತ್ತು."

ಕೇಕೆ ಹಾಕುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಿಂದಿನವರಿಗೆ ಸುದ್ದಿ ಮುಟ್ಟದೆ ಅವರು ಇನ್ನಷ್ಟು ಹೊತ್ತು ಕೇಕೆ ಹಾಕಿದರು. ಸೆರೆದ್ ಮೈಮೇಲಿನ ಅಂಗಿ ಹರಿದುಕೊಂಡು ಮರಳಿನ ಮೇಲೆ ಕುಸಿದ. ಹೊಗ್ಲಾ ಚಪ್ಪಲಿ ತೆಗೆದುಕೊಂಡು ನೋಡಿದಳು. ಎಡಗಾಲಿನದರ ಪಟ್ಟಿ ಅವಳೇ ಹೊಲಿದುಕೊಟ್ಟದ್ದು, ಹೊಲಿಗೆ ಬಿಟ್ಟಿರಲಿಲ್ಲ. ಮನೆಯಲ್ಲಿ ಹಿಟ್ಟು ಹುದುಗಿಗಿಟ್ಟು ಬಂದದ್ದು ನೆನಪಾಗಿ, ಹೋಗಿ ರೊಟ್ಟಿ ಸುಟ್ಟಳು. ಆರು ರೊಟ್ಟಿ. ಎಣಿಸಿದ ಮೇಲೆ ಎರಡು ಹೆಚ್ಚಾಯಿತೆಂದು ತಿಳಿಯಿತು.

ಏಳು ದಿನ ನೆಲದ ಮೇಲೆ ಕೂತರು. ಹೂಳಲು ಏನೂ ಇರಲಿಲ್ಲವಾದ್ದರಿಂದ ಸುಮ್ಮನೆ ಕೂತರು. ನೆರೆಯವರು ಬೇಳೆ ಸಾರು, ರೊಟ್ಟಿ ತಂದುಕೊಟ್ಟರು. ತಂದವರು ಬಾಗಿಲ ಹೊರಗೆ ಹೋಗಿ ತಾಮ್ರ ಎಷ್ಟು ಬಂದಿದೆಯೆಂದು ಪಿಸುಗುಟ್ಟಿದರು. ಹೊಗ್ಲಾ ಅಳಲಿಲ್ಲ. ಸೆರೆದನ ತಂಗಿ ನಾರಾ ಅವಳ ಪಕ್ಕದಲ್ಲಿ ಕೂತು ಮೂರನೆಯ ದಿನ ತಾಳಲಾರದೆ ಹೇಳಿಯೇಬಿಟ್ಟಳು.

"ಅತ್ತಿಗೆ, ಒಂದ್ಸಲ ಅತ್ತುಬಿಡೇ. ಊರವರು ಏನಂತಾರೆ ಗೊತ್ತಾ? ಕಲ್ಲಿನ ಮನೆ ಕಟ್ಟಿಸಿ ಇವಳೂ ಕಲ್ಲಾದಳು ಅಂತಾರೆ."

"ಅನ್ನಲಿ ಬಿಡು."

"ಅಂದೋರಿಗೆ ನಾನು ಬೈದಿದ್ದೀನಿ. ಆದ್ರೆ ಸುಳ್ಳು ಅಂತ ಹೇಳೋಕೆ ಆಗ್ಲಿಲ್ಲ ಕಣೆ."

ಹೊಗ್ಲಾ ನಾದಿನಿಯ ಕೈಯಿಂದ ಸಾರಿನ ಬಟ್ಟಲು ತೆಗೆದುಕೊಂಡು ಕುಡಿದಳು. ಉಪ್ಪು ಹಾಕಿರಲಿಲ್ಲ. ಹಾಕಿಲ್ಲವೆಂದು ಹೇಳಲೂ ಇಲ್ಲ.

ಎಂಟನೆಯ ದಿನ ಸೆರೆದ್ ತಲೆಗೆ ನೀರು ಹಾಕಿಕೊಂಡು, ಬೇರೆ ಅಂಗಿ ತೊಟ್ಟು ದಂಡೆಗೆ ಹೊರಟ. ತಾಮ್ರ ಇಳಿಸಿಯಾಗಿತ್ತು. ಹಡಗಿನ ತಳಕ್ಕೆ ಹೊಸದಾಗಿ ರಾಳ ಬಳಿಸಬೇಕಿತ್ತು.

"ಮೂರು ವಾರದಲ್ಲಿ ಎಣ್ಣೆ ತುಂಬಿ ಕಳಿಸ್ತೀನಿ," ಎಂದ, ಚಪ್ಪಲಿ ಹಾಕಿಕೊಳ್ಳುತ್ತ. "ಅಬ್ದಿನೇ ಕರ್ಕೊಂಡು ಹೋಗ್ತಾನೆ. ಮನೇಲಿ ಕೂತ್ರೆ ತಲೆ ಕೆಡುತ್ತೆ."

ಹೊಗ್ಲಾ ಒಲೆಯ ಬೂದಿ ತೋಡುತ್ತಿದ್ದಳು. "ಹಡಗು ನಮ್ಮದಲ್ಲ," ಎಂದಳು.

"ಏನಂದೆ?"

"ನೀವು ವಾಪಸು ಬಂದ ದಿನ ಹೇಳಿದ್ದೆ. ಕಾಲು ತೊಳೆಯೋವಾಗ. ತಾಬೋರಿಗೆ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ. ಇನ್ನೂ ಕೊಟ್ಟಿಲ್ಲ."

ಸೆರೆದ್ ಚಪ್ಪಲಿಯ ಪಟ್ಟಿ ಬಿಗಿಯುತ್ತಲೇ ಇದ್ದ. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದ. "ನನಗೇನೂ ಗೊತ್ತಿಲ್ಲ," ಎಂದು ಹೇಳಿ ಹೊರಟುಹೋದ.

ಅವನನ್ನು ಕೂಗಿ ನಿಲ್ಲಿಸಬೇಕೆಂದು ಬಾಯಿ ತೆರೆದಳು. ಏನೆಂದು ಕೂಗುವುದು? 'ಹೇಲೋನನ ಅಪ್ಪ' ಎಂದು ಇನ್ನು ಕರೆಯುವಂತಿರಲಿಲ್ಲ. ಬೂದಿಯ ಬುಟ್ಟಿ ಹಾಗೇ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಊರ ಬಾಗಿಲಿಗೆ ನಡೆದಳು. ನ್ಯಾಯ ಕೇಳುವವರೆಲ್ಲ ಹೋಗುವುದು ಅಲ್ಲಿಗೇ.

ಊರ ಬಾಗಿಲ ಕಲ್ಲುಬೆಂಚಿನ ಮೇಲೆ ಹಿರಿಯ ಪರ್ನಾಕ್ ಕೂತಿದ್ದ. ಎಂಬತ್ತು ದಾಟಿದ ಮುದುಕ. ಹೊಗ್ಲಾಳ ಮದುವೆಯ ಮಾತುಕತೆ ಆಡಿಸಿದವನೂ ಅವನೇ. ಅವಳು ಹೇಳಿದ್ದನ್ನೆಲ್ಲ ಕೇಳಿ ಕೋಲಿನಿಂದ ನೆಲ ಗೀರಿದ.

"ನಿನಗೇನು ಬೇಕು ಮಗಳೇ? ಸರಿಯಾಗಿ ಹೇಳು. ಹುಡುಗ ಹೋಗಿದ್ದು ಈ ಹರಕೆ ತೀರಿಸದ್ದಕ್ಕೆ ಅಂತಾನಾ?"

"ಹಾಗಂತ ನಾನಂದಿಲ್ಲ."

"ಊರವರು ಅಂತಾರೆ. ದೇವರು ಬಡ್ಡಿ ಸಮೇತ ವಸೂಲಿ ಮಾಡಿದ ಅಂತಾರೆ. ನಮ್ಮ ದೇವರು ಬಡ್ಡಿ ತಗೋಬೇಡಿ ಅಂದೋನು. ನಮಗೆ ಬೇಡ ಅಂದು ತಾನು ತಗೊಳ್ತಾನಾ?"

"ನನಗೆ ಅದೆಲ್ಲ ಗೊತ್ತಿಲ್ಲ ಅಜ್ಜ. ಮಾತು ಕೊಟ್ಟಿದ್ದೆ. ಹಡಗು ಕೊಟ್ಟುಬಿಟ್ರೆ ಆ ಒಂದು ಕೆಲಸ ಮುಗಿಯುತ್ತೆ."

ಪರ್ನಾಕ್ ಅವಳ ಮುಖ ನೋಡಿದ. "ಇಪ್ಪತ್ತೊಂದು ವರ್ಷ. ಎಚ್ಚರ ಇದ್ರಾ, ಕೇಳಿಸ್ತಾ ಅಂತ ಒಂದು ದಿನವಾದರೂ ಗಂಡನ್ನ ಕೇಳಬಹುದಿತ್ತಲ್ಲ. ಯಾಕೆ ಕೇಳಲಿಲ್ಲ?"

"ಹೊಟ್ಟೆ ತುಂಬ್ತಿತ್ತು ಅಜ್ಜ," ಎಂದಳು ಹೊಗ್ಲಾ.

ನಾಳೆ ಬೆಳಿಗ್ಗೆ ಸೆರೆದನನ್ನು ಕರೆಸುತ್ತೇನೆ ಎಂದ ಪರ್ನಾಕ್. ಸುದ್ದಿ ಊರೆಲ್ಲ ಹಬ್ಬಲು ಒಂದು ಗಳಿಗೆ ಸಾಕಾಯಿತು. ಆ ಹಡಗಿನಿಂದ ಮೂವತ್ತು ಮನೆಗಳ ಒಲೆ ಉರಿಯುತ್ತಿತ್ತು. ಹಾಯಿ ಹೊಲಿಯುವವರು, ಹಂಡೆ ಮಾಡುವವರು, ಎಣ್ಣೆ ಗಾಣದವರು, ಹುಟ್ಟು ಹಾಕುವವರು. ನಾರಾಳ ಗಂಡನೂ ಹಗ್ಗ ಹೊಸೆಯುವವನೇ. ಅವಳು ಸಂಜೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು.

"ದೇವರಿಗೆ ಹಡಗು ಯಾಕಂತೆ ಅತ್ತಿಗೆ? ಬೆಟ್ಟದ ಮೇಲೆ ಕೂತು ಮೀನು ಹಿಡೀತಾನಾ?"

"ನಾನು ಕೇಳಲಿಲ್ಲ. ಕೊಡ್ತೀನಿ ಅಂದೆ."

"ಒಂದು ಕುರಿ ಕೊಡು. ಹತ್ತು ಕೊಡು, ನಾನೇ ಹೊಡ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಇದ್ದ ಒಬ್ಬ ಮಗನೂ ಹೋದ. ಹಡಗೂ ಹೋದ್ರೆ ನಿನ್ನ ಕೈಲಿ ಏನುಳಿಯುತ್ತೆ ಹೇಳು?"

"ಮೇಲಿನ ಹೊಲ ಇದೆಯಲ್ಲ."

"ಅದರಲ್ಲಿ ಕಲ್ಲು ಬೆಳೀತದೆ!" ಎಂದಳು ನಾರಾ. ಬಂದ ದಾರಿಯಲ್ಲೇ ಹೋದಳು. ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿ ಬಂದು, ಸೆರಗಿನಲ್ಲಿ ಕಟ್ಟಿ ತಂದಿದ್ದ ಒಣ ಅಂಜೂರವನ್ನು ಬಾಗಿಲಲ್ಲಿಟ್ಟು ಹೋದಳು.

ಆ ರಾತ್ರಿ ಸೆರೆದ್ ಅಂಜೂರ ತಿಂದ. ಅವಳೂ ತಿಂದಳು.

ಬೆಳಿಗ್ಗೆ ಊರ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತು ಮಂದಿ ಹಿರಿಯರು ಬೆಂಚಿನ ಮೇಲೆ, ಉಳಿದವರು ಗೋಡೆಯ ಉದ್ದಕ್ಕೂ. ಅಬ್ದಿ ಪರದೇಶದವನೆಂದು ದೂರದಲ್ಲಿ ನಿಂತಿದ್ದ. ಹೊಗ್ಲಾಳಿಗೆದುರಾಗಿ ಒಂದು ಕತ್ತೆ ಯಾರದೋ ಹುಲ್ಲಿನ ಹೊರೆಯಿಂದ ಎಳೆದೆಳೆದು ತಿನ್ನುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಪರ್ನಾಕ್ ಗಂಟಲು ಸರಿಮಾಡಿಕೊಂಡ. "ಸೆರೆದ್, ವಿಷಯ ನಿನಗೆ ಗೊತ್ತು. ಬೇರೆ ಯಾರ ಸಾಕ್ಷಿಯೂ ಇಲ್ಲಿ ನಡೆಯೋದಿಲ್ಲ. ಕಿವಿ ನಿಂದು, ಮಾತೂ ನಿಂದೇ. ನಿನ್ನೆ ಇವಳು ಹೇಳಿದ್ದೇ ಮೊದಲು ಕಿವಿಗೆ ಬಿದ್ದಿದ್ದಾದರೆ, ನಿನ್ನೆ ಸೂರ್ಯ ಮುಳುಗೋದರೊಳಗೆ ಬೇಡ ಅಂದಿರಬೇಕು. 'ಗೊತ್ತಿಲ್ಲ' ಅಂತ ಎದ್ದು ಹೋದೆಯಂತೆ. ಅದನ್ನ ಬೇಡ ಅಂತಲೇ ಹಿಡಿಯೋಕೆ ನಾವು ಹತ್ತೂ ಜನ ತಯಾರಿದ್ದೀವಿ. ಹಡಗು ಉಳಿಯುತ್ತೆ. ಇವಳ ಮೇಲೂ ದೋಷ ಇಲ್ಲ. ಏನಂತೀಯಾ?"

ಗುಂಪಿನಲ್ಲಿ ಯಾರೋ, "ಹೂಂ ಅನ್ನೋ ಮಾರಾಯ," ಎಂದರು.

ಸೆರೆದ್ ಗೋಡೆಗೆ ಕೈಯಾನಿಸಿದ.

"ನೀರು ಬಹಳ ಬಿಸಿ ಇತ್ತು," ಎಂದ.

"ಯಾವ ನೀರು?"

"ಅವಳು ಕಾಲು ತೊಳೆದ ನೀರು. ಗಾಯಕ್ಕೆ ತಾಗಿ ಉರೀತಿತ್ತು. ಹಾ ಅನ್ನಬೇಕು ಅನ್ನಿಸ್ತು. ಅನ್ನಲಿಲ್ಲ." ಅವನು ಹೆಂಡತಿಯ ಕಡೆ ನೋಡಲಿಲ್ಲ, ಪರ್ನಾಕನ ಕೋಲನ್ನು ನೋಡುತ್ತ ಹೇಳಿದ. "ಎಚ್ಚರ ಇದ್ದೆ ಅಜ್ಜ. ಎಲ್ಲ ಕೇಳಿಸ್ತು. ಬೇಡ ಅನ್ನೋಕೆ ಧೈರ್ಯ ಬರಲಿಲ್ಲ, ಆಗಷ್ಟೇ ಸಮುದ್ರದಿಂದ ಬದುಕಿ ಬಂದಿದ್ದೆ. ಹೂಂ ಅನ್ನೋಕೆ ಮನಸ್ಸು ಬರಲಿಲ್ಲ, ಅಪ್ಪ ಮೂರು ಹೊಲ ಮಾರಿದ ಹಡಗು. ನಿದ್ದೆ ಬಂದವನ ಹಾಗೆ ಉಸಿರಾಡಿದೆ. ನಿದ್ದೆ ಮಾಡಿದೋನಿಗೆ ಹರಕೆ ತಟ್ಟಲ್ಲ ಅಂದ್ಕೊಂಡೆ."

ಕತ್ತೆ ಹುಲ್ಲು ತಿನ್ನುವ ಸದ್ದು ಕೇಳುತ್ತಿತ್ತು.

"ಆಮೇಲೆ?" ಎಂದ ಪರ್ನಾಕ್.

"ಆಮೇಲೆ ಎದ್ದೆ. ಹಡಗು ಹೋಗ್ತಾ ಬರ್ತಾ ಇತ್ತು."

"ಅಯ್ಯೋ ಅಣ್ಣ, ನಿನ್ನ ಬಾಯಿಗೆ ಬೆಂಕಿ ಬೀಳ!" ಎಂದು ನಾರಾ ಕೂಗಿದಳು. ಕೂಗಿದವಳೇ ಅಳತೊಡಗಿದಳು. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ಹೊಗ್ಲಾ ಇಪ್ಪತ್ತೊಂದು ವರ್ಷ ಕಾದಿದ್ದ ಉತ್ತರ ಅದು. ಅದನ್ನು ಕೇಳಿದ ದಿನ ತನ್ನೊಳಗೆ ಏನೋ ಒಂದಾಗುತ್ತದೆ ಎಂದು ಎಣಿಸಿದ್ದಳು, ಸಿಟ್ಟೋ, ಸಮಾಧಾನವೋ. ಮಧ್ಯಾಹ್ನಕ್ಕೆ ಬೇಳೆ ನೆನೆಹಾಕಿಲ್ಲವೆಂಬುದು ನೆನಪಾಯಿತು, ಅಷ್ಟೆ. ಹರಕೆ ನಿಂತಿದೆ ಎಂದು ಪರ್ನಾಕ್ ಮೂರು ಸಲ ಸಾರುವವರೆಗೆ ನಿಂತಿದ್ದು ಮನೆಗೆ ಹೋದಳು.

ಹಡಗನ್ನು ಉರುಳುಮರಗಳ ಮೇಲೆ ದಂಡೆಗೆ ಎಳೆದರು. ಬಿಚ್ಚಲು ಹನ್ನೊಂದು ದಿನ ಹಿಡಿಯಿತು. ಕಟ್ಟಿದ ಕೈಗಳು ಗಟ್ಟಿ ಕೆಲಸ ಮಾಡಿದ್ದವು; ಹಲಗೆಗೆ ಹಲಗೆ ಸೇರಿಸಿ ಬಡಿದಿದ್ದ ಮರದ ಬೆಣೆಗಳು ಸುಲಭಕ್ಕೆ ಬರಲಿಲ್ಲ. ಅಬ್ದಿಯೇ ಸುತ್ತಿಗೆ ಹಿಡಿದು ಒಂದೊಂದಾಗಿ ಹೊಡೆದು ತೆಗೆಯುತ್ತಿದ್ದ. ಹಡಗಿನ ಮೂತಿಯ ಮೇಲೆ ಕೂರಿಸಿದ್ದ ಮರದ ಕುದುರೆಯ ತಲೆಯನ್ನು ಮಾತ್ರ ಬಿಚ್ಚಿ ಬಗಲಿಗೆ ಹಾಕಿಕೊಂಡ.

"ಇದು ನಿಮ್ಮ ಬೆಟ್ಟಕ್ಕೆ ಬೇಡ ತಾಯಿ. ಇದು ನಮ್ಮ ದೇವರ ಕಡೇದು. ನಿಮ್ಮೋನು, ನಮ್ಮೋನು ಅಲ್ಲಿ ಕಿತ್ತಾಡೋದು ಯಾಕೆ?"

"ತಗೊಂಡು ಹೋಗಪ್ಪ. ನೀನೇನು ಮಾಡ್ತೀಯ ಇನ್ಮೇಲೆ?"

"ತೂರಿಗೆ ಹೋಗ್ತೀನಿ. ಸೊಸೆ ಊಟ ಹಾಕ್ತಾಳೆ, ಊಟಕ್ಕಿಂತ ಮಾತು ಜಾಸ್ತಿ ಹಾಕ್ತಾಳೆ," ಎಂದ ಅಬ್ದಿ. ನಗಲಿಲ್ಲ.

ಹೊಗ್ಲಾ ದಿನವೂ ಬಂದು ಕಳಚಿಟ್ಟ ಹಲಗೆಗಳ ನಡುವೆ ನಡೆದಾಡುತ್ತಿದ್ದಳು. ಎರಡು ವರ್ಷ ಮಗ ಓಡಾಡಿದ ಮರ. ಅವನು ಗೀಚಿದ್ದೋ ಕೆತ್ತಿದ್ದೋ ಏನಾದರೂ ಸಿಕ್ಕೀತೆಂದು ತಿರುವಿ ತಿರುವಿ ನೋಡಿದಳು. ಎಲ್ಲ ಕಡೆ ರಾಳ ಬಳಿದಿದ್ದರು. ಅವನ ತಲೆಗೆ ಬಡಿದ ಅಡ್ಡಮರ ಯಾವುದೆಂದು ಅಬ್ದಿಯನ್ನು ಕೇಳಿದಳು. ಅವನು ತೋರಿಸಿದ. ಅದೂ ಉಳಿದ ಮರಗಳ ಹಾಗೇ ಇತ್ತು. ಅದನ್ನು ನಾಲ್ಕನೆಯ ಗಾಡಿಗೆ ಹಾಕಿದರು.

ಹತ್ತೊಂಬತ್ತು ಗಾಡಿ ಬೇಕಾಯಿತು. ಎತ್ತು ಕೊಟ್ಟವರು ಒಲ್ಲದ ಮನಸ್ಸಿನಿಂದ ಕೊಟ್ಟರು. ಊರು ದಾಟುವಾಗ ಯಾರೂ ಹೊರಗೆ ಬರಲಿಲ್ಲ. ನಾರಾ ಮಾತ್ರ ಬಂದು, "ನೀರು ಕುಡೀರಿ ದಾರೀಲಿ," ಎಂದು ಒಂದು ತೊಗಲಚೀಲ ಗಾಡಿಗೆ ನೇತುಹಾಕಿದಳು. ತಾಬೋರ್ ತಲುಪಲು ಮೂರು ದಿನವಾಯಿತು. ಬೆಟ್ಟದ ಬುಡದಲ್ಲಿ ಮರವನ್ನು ಇಳಿಸಿ, ಗಾಡಿ ಹತ್ತದ ಕಡಿದಾದ ದಾರಿಯಲ್ಲಿ ಹೆಗಲ ಮೇಲೆ ಹೊತ್ತು ಸಾಗಿಸಿದರು. ಸೊಂಟನೋವಿನ ಸೆರೆದನೂ ಹೊತ್ತ. ಯಾರೂ ಬೇಡ ಅನ್ನಲಿಲ್ಲ.

ಬಲಿಪೀಠ ನೋಡಿಕೊಳ್ಳುತ್ತಿದ್ದ ಪೂಜಾರಿ ಯಹತ್ ಮುಂದಿನ ಎರಡು ಹಲ್ಲಿಲ್ಲದ ಮನುಷ್ಯ. ಒಂದರ ಹಿಂದೊಂದು ಬರುತ್ತಿದ್ದ ಹಲಗೆಗಳನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಇಷ್ಟೊಂದಾ! ಇಡೋದೆಲ್ಲಿ ಇದನ್ನ? ರಾಳ ಬಳಿದ ಮರ, ಪೀಠದ ಮೇಲೆ ಉರಿಸೋ ಹಾಗಿಲ್ಲ, ವಾಸನೆ ಬರುತ್ತೆ."

"ಏನಾದ್ರೂ ಮಾಡ್ಕೊಳ್ಳಿ ಸ್ವಾಮಿ. ನಿಮ್ಮದು," ಎಂದಳು ಹೊಗ್ಲಾ.

"ಕುರಿದೊಡ್ಡಿಗೆ ಸೂರು ಹಾಕಿಸ್ತೀನಿ. ಬಹಳ ದಿನದಿಂದ ಬೇಕಿತ್ತು." ಅವನು ಅವರಿಬ್ಬರ ತಲೆಯ ಮೇಲೆ ಕೈಯಿಟ್ಟು ಹರಸುವ ಮಾತುಗಳನ್ನು ಹೇಳಿದ. ಸಂಪತ್ತು ಬರಲಿ, ಸಂತಾನ ಬರಲಿ ಎಂಬ ಮಾತುಗಳು. ಎಲ್ಲರಿಗೂ ಹೇಳುವಂಥವು. ಮಧ್ಯದಲ್ಲಿ ಒಂದು ಕುರಿಮರಿ ಬಿಚ್ಚಿಕೊಂಡು ಓಡಿತು. ಅವನು ಉಳಿದದ್ದನ್ನು ಓಡುತ್ತ ಮುಗಿಸಿದ.

ವಾಪಸು ಬರುವಾಗ ಖಾಲಿ ಗಾಡಿಗಳು ಗಡಗಡ ಸದ್ದು ಮಾಡುತ್ತಿದ್ದವು. ಇಬ್ಬರೂ ಕೊನೆಯ ಗಾಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಬಯಲು ಮುಗಿದು ಸಮುದ್ರ ಕಾಣತೊಡಗಿದಾಗ ಸೆರೆದ್ ಹೇಳಿದ, "ಮೊದಲ ಮಳೆ ಬಿದ್ದ ಕೂಡಲೇ ಮೇಲಿನ ಹೊಲ ಉಳಬೇಕು. ಜವೆ ಹಾಕೋಣವಾ?"

"ಹಾಕೋಣ."

"ಕಲ್ಲು ಆರಿಸಬೇಕು ಮೊದಲು."

"ಆರಿಸೋಣ, ಸೆರೆದ್," ಎಂದಳು.

ಹೆಸರು ಹಿಡಿದು ಕರೆದದ್ದಕ್ಕೆ ಅವನು ಅವಳ ಕಡೆ ತಿರುಗಿದ. ಮನೆಗೆ ಬಂದು ಅವಳು ಹಿಟ್ಟು ಕಲಸಿ ನಾಲ್ಕು ರೊಟ್ಟಿ ಸುಟ್ಟಳು.

ಇಪ್ಪತ್ತೊಂದು ವರ್ಷಗಳ ಹಿಂದೆ ಕೊಟ್ಟ ಮಾತು ತೀರಿತು.